ಎಡಗಡೆಯವಳು

ಬೇಗೂರು ದಾಟಿ, ಕೊನೆಯ ಅಪಾರ್ಟ್‌ಮೆಂಟಿನ ಕಾಂಪೌಂಡ್ ಮುಗಿದ ಮೇಲೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ನಡೆದರೆ ಶ್ಯಾಮಣ್ಣನ ಕ್ವಾರಿ ಸಿಗುತ್ತದೆ. ಅಲ್ಲಿ ಕಲ್ಲು ತೆಗೆಯುವುದು ನಿಂತು ಬಹಳ ಕಾಲವಾಯಿತು. ಈಗ ಅದರ ತುಂಬ ನೀರು. ಕೆರೆಗಾದರೆ ಒಂದು ದಡವಿರುತ್ತದೆ. ಮೊದಲು ಪಾದ ನೆನೆಯುತ್ತದೆ, ಆಮೇಲೆ ಮೊಣಕಾಲು. ಕ್ವಾರಿಗೆ ಆ ದಾಕ್ಷಿಣ್ಯವಿಲ್ಲ. ಕಲ್ಲಿನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲೇ ಆಳ. ಮೇಲೆ ಬಿಸಿಲು ಕಾಯಿಸಿದ ಒಂದು ತೆಳು ಪದರ, ಅದರ ಕೆಳಗೆ ಕೈ ಇಟ್ಟರೆ ಬೆರಳಿನ ಮೂಳೆಗೆ ತಾಗುವ ಚಳಿ. ಸುತ್ತಲಿನ ಕಟ್ಟಡಗಳು ಅದರೊಳಗೆ ತಲೆಕೆಳಗಾಗಿ ನಿಂತಿರುತ್ತವೆ, ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆಯ ಸಮೇತ.

ಶೈಲಾಗೆ ಈ ನೀರು ಕಂಡರೆ ಆಗುತ್ತಿರಲಿಲ್ಲ. ಆದರೂ ರಜೆಯ ದಿನ ಬೆಳಿಗ್ಗೆ ತಪ್ಪದೆ ಬರುತ್ತಿದ್ದಳು. ತಂಗಿ ನೀಲಾಂಬಿಕಾ ಈಜುತ್ತಾಳೆ, ಅಕ್ಕ ದೋಣಿಯಲ್ಲಿ ಕೂತು ನೋಡುತ್ತಾಳೆ. ನೋಡುವುದು ಶೈಲಾಳ ಹೊಟ್ಟೆಪಾಡೂ ಹೌದು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಅವಳದು ಚೆಕಿಂಗ್ ಕೆಲಸ. ಹೊಲಿದ ಷರಟು ಮುಂದೆ ಬಂದರೆ ಕಣ್ಣಿಗಿಂತ ಮೊದಲು ಅವಳ ಬೆರಳೇ ತಪ್ಪು ಹಿಡಿಯುತ್ತಿತ್ತು.

ಈ ದಿನ ಮಾತ್ರ ಅವಳು ಬರೀ ನೋಡುವುದಕ್ಕೆ ಬಂದಿರಲಿಲ್ಲ. ತಂಗಿಯನ್ನು ಅರ್ಧಕ್ಕೆ ನೀರಿನಿಂದ ಎಬ್ಬಿಸಿ, ಇನ್ನೆಂದೂ ಸಮುದ್ರಕ್ಕೆ ಇಳಿಯದ ಹಾಗೆ ಮಾಡುವುದಕ್ಕೆ ಬಂದಿದ್ದಳು. ಅದು ತಂಗಿಗೆ ಗೊತ್ತಿರಲಿಲ್ಲ.

ಅವರದು ಕೃಷ್ಣೆಯ ದಂಡೆಯ ಅಂಬಿಗರ ಮನೆ. ಅಪ್ಪ ಭರಮಪ್ಪ ಹೊಳೆ ದಾಟಿಸುತ್ತಿದ್ದ. ಸೇತುವೆ ಬಂದ ಮೇಲೆ ಹುಟ್ಟು ಗೋಡೆಗೆ ಒರಗಿಸಿ, ಹೆಂಡತಿ ಹೊಳೆವ್ವ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಬಂದು ಕಟ್ಟಡದ ಕೆಲಸಕ್ಕೆ ಸೇರಿದ. ದೊಡ್ಡನೆಕ್ಕುಂದಿಯಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ, ಈಜುಕೊಳ ಸೋರುತ್ತದೋ ಇಲ್ಲವೋ ನೋಡಲು ನೀರು ತುಂಬಿಸಿ ಬಿಟ್ಟಿದ್ದರು. ಫ್ಲ್ಯಾಟ್ ತೆಗೆದುಕೊಂಡವರು ಇನ್ನೂ ಯಾರೂ ವಾಸಕ್ಕೆ ಬಂದಿರಲಿಲ್ಲ. ಅದರಲ್ಲಿ ಮೊದಲು ಇಳಿದವಳು ಗಾರೆ ಕೆಲಸದ ಭರಮಪ್ಪನ ಕಿರಿ ಮಗಳು. ಊಟದ ಹೊತ್ತಿಗೆ ಇಳಿದವಳು ಕೆಲಸದವರು ಕೈಕಾಲು ತೊಳೆಯುವ ಹೊತ್ತಿನವರೆಗೂ ಆ ತುದಿಗೆ ಈ ತುದಿಗೆ ಹೋಗುತ್ತಲೇ ಇದ್ದಳು. ತನ್ನ ಫ್ಲ್ಯಾಟಿನ ಟೈಲ್ಸ್ ನೋಡಲು ಬಂದಿದ್ದ ಮುನಿಕೃಷ್ಣ ಎಂಬುವರು ಟೈಲ್ಸ್ ಮರೆತು ಅಲ್ಲೇ ನಿಂತರು. ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಅವರಿಗೆ ಒಂದು ಕಾಲಕ್ಕೆ ಈಜಿನ ಹುಚ್ಚಿತ್ತು. ಈಜು ಸಂಘದ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಮರುವಾರ ಅವರೇ ನೀಲಾಳನ್ನು ಕ್ಲಬ್ಬಿಗೆ ಸೇರಿಸಿದರು.

ಹಾಗೆ ಶುರುವಾದದ್ದು. ಶಾಲೆಯ ಪದಕ, ಜಿಲ್ಲೆಯ ಪದಕ, ಆಮೇಲೆ ದೂರದ ಈಜು. ಆದರೆ ದೊಡ್ಡವಳಾದ ಮೇಲೆ ನೀಲಾ ಒಂದು ಕಡೆ ನಿಂತುಬಿಟ್ಟಳು. ಎಲ್ಲಿ ಹೋದರೂ ನಾಲ್ಕನೆಯವಳು. ಪದಕ ಸಿಗುವ ಮೂವರ ಬೆನ್ನು ನೋಡುತ್ತ ದಡ ಮುಟ್ಟುವವಳು. ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನಲ್ಲಿ ಈಜು ಕಲಿಸುವ ಕೆಲಸ ಹಿಡಿದಳು. ಆ ಕೊಳ ಉದ್ದದ ಈಜಿಗೆ ಸಾಲದಾದಾಗ ಯಾರೋ ಶ್ಯಾಮಣ್ಣನ ಕ್ವಾರಿಯ ವಿಷಯ ಹೇಳಿದರು.

ಕ್ವಾರಿಗೆ ಇಳಿದ ವರ್ಷವೇ ಅವಳು ರಾಜ್ಯಕ್ಕೆ ಮೊದಲಿಗಳಾದಳು. ಮರುವರ್ಷ ದೇಶಕ್ಕೆ.

ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಶೈಲಾ. ಎಲ್ಲರಿಗಿಂತ ಮೊದಲು ಹೆದರಿದವಳೂ ಅವಳೇ. ದೋಣಿಯಲ್ಲಿ ಅವಳ ಕೆಲಸ ಎರಡು. ಆಗಾಗ ಬಾಟಲಿಯಲ್ಲಿ ಉಪ್ಪು ಹಾಕಿದ ಜೋಳದ ಅಂಬಲಿ ತುಂಬಿ ದಾರ ಕಟ್ಟಿ ಎಸೆಯುವುದು. ನೀಲಾ ಮಗ್ಗುಲಾಗಿ ಕುಡಿದು ಬಿಟ್ಟರೆ ಎಳೆದುಕೊಳ್ಳುವುದು. ಇನ್ನೊಂದು, ಕೈ ಬಡಿತ ಎಣಿಸುವುದು. ಬಡಿತ ನಿಧಾನವಾದರೆ ಈಜುವವಳು ಸೋಲುತ್ತಿದ್ದಾಳೆ ಎಂದರ್ಥ. ಕ್ವಾರಿಗೆ ಬಂದ ಕೆಲವೇ ದಿನಕ್ಕೆ ಎಣಿಕೆ ತಪ್ಪತೊಡಗಿತು. ಕಣ್ಣಿಟ್ಟು ಎಣಿಸಿದರೆ ಸರಿ ಇರುತ್ತಿತ್ತು. ಕಣ್ಣು ಮುಚ್ಚಿ ಕಿವಿಯಲ್ಲಿ ಎಣಿಸಿದರೆ ದುಪ್ಪಟ್ಟಾಗುತ್ತಿತ್ತು. ಕಲ್ಲಿನ ಗೋಡೆಗೆ ಬಡಿದು ಸದ್ದು ವಾಪಸು ಬರುತ್ತದೆ ಎಂದುಕೊಂಡಳು. ಆದರೆ ವಾಪಸು ಬರುವ ಸದ್ದು ಹಿಂದಿನಿಂದ ಬರಬೇಕು. ಈ ಸದ್ದು ನೀಲಾಳ ಕೈಗಿಂತ ಒಂದು ಗಳಿಗೆ ಮುಂಚೆ ಬರುತ್ತಿತ್ತು.

ಒಮ್ಮೆ ಶ್ಯಾಮಣ್ಣನನ್ನು ಕೇಳಿದ್ದಳು. ಹಳೇ ಬೇಗೂರಿನ ಒಕ್ಕಲು ಮನೆಯವನು, ಈಗ ಮೂರು ಬಿಲ್ಡಿಂಗಿನ ಯಜಮಾನ. ಕ್ವಾರಿಯ ಮೇಲಿನ ಪ್ರೀತಿಗೋ ಹೊತ್ತು ಹೋಗದೆಯೋ ತಾನೇ ದೋಣಿ ನಡೆಸುತ್ತಿದ್ದ.

"ಶ್ಯಾಮಣ್ಣ, ಇದಕ್ಕೆ ನೀರು ಯಾವಾಗ ಬಂತು?"

"ಒಂದ್ಸಲ ಸಿಡಿಮದ್ದು ಇಕ್ಕಿದ್ರು ನೋಡವ್ವ, ಕೆಳಗಿಂದ ಉಕ್ಕಂಗೆ ಬಂದ್ಬುಡ್ತು. ಕ್ರಷರ್ ಎತ್ತಕ್ಕೂ ಟೈಮ್ ಸಿಗ್ನಿಲ್ಲ. ಕೆಳ್ಗೆ ಅಂಗೇ ಕುಂತದೆ."

"ಜನ?"

"ಎಲ್ರೂ ಬಂದ್ರು ಅಂತಾರಪ್ಪ." ಶ್ಯಾಮಣ್ಣ ಎಲೆಅಡಿಕೆ ಉಗಿದು ಬಾಯಿ ಒರೆಸಿಕೊಂಡ. "ಲೆಕ್ಕ ಮಡಗಿದ್ದೋರ್ ಯಾರು? ಕಲ್ಲು ಒಡಿಯೋರೆಲ್ಲ ನಿಮ್ ಕಡೆಯೋರೇ. ಇವತ್ತು ಬರೋರು, ನಾಳೆ ಓಗೋರು. ಎಂಗಸ್ರು, ಮಕ್ಕಳು. ಹೆಸರು ಯಾರ್ ಕೇಳಿದ್ರು?"

ಶೈಲಾ ಮತ್ತೆ ಆ ಮಾತು ಎತ್ತಲಿಲ್ಲ.

ಹೋದ ಮಾಗಿಯಲ್ಲಿ ಪಡುವಣ ಕಡಲಿನಲ್ಲಿ ದೊಡ್ಡ ಸ್ಪರ್ಧೆ ನಡೆಯಿತು. ಕಿತ್ತಳೆ ಬಣ್ಣದ ಎರಡು ದೊಡ್ಡ ಬಲೂನುಗಳನ್ನು ನೀರಿನಲ್ಲಿ ತೇಲಬಿಟ್ಟಿದ್ದರು. ಅವುಗಳ ನಡುವೆ ಮೊದಲು ನುಗ್ಗಿದವರಿಗೆ ಗೆಲುವು. ನೀಲಾ ಉಳಿದವರನ್ನು ಎಲ್ಲೋ ಹಿಂದೆ ಬಿಟ್ಟು ನುಗ್ಗಿದಳು. ದಡದಲ್ಲಿ ಸೀಟಿ, ಚಪ್ಪಾಳೆ. ನೀಲಾ ನಿಲ್ಲಲಿಲ್ಲ. ಅದೇ ವೇಗದಲ್ಲಿ, ಅದೇ ಲಯದಲ್ಲಿ, ಕಡಲಿನ ಕಡೆಗೆ ಹೊರಟಳು. ಮೊದಲು ಜನ ನಕ್ಕರು. ಆಮೇಲೆ ಚಪ್ಪಾಳೆ ನಿಂತಿತು. ಮೋಟಾರು ದೋಣಿಯವರು ಅಟ್ಟಿಸಿಕೊಂಡು ಹೋಗಿ, ಇಬ್ಬರು ಗಂಡಸರು ಅವಳ ರಟ್ಟೆ ಹಿಡಿದು ಮೇಲೆಳೆದುಕೊಂಡರು. ಅಂಬಲಿ ಕೊಡಲು ಹತ್ತಿದ್ದ ಶೈಲಾ ಆ ದೋಣಿಯಲ್ಲೇ ಇದ್ದಳು. ಹಲಗೆಯ ಮೇಲೆ ಮಲಗಿಸಿದ ಮೇಲೂ ತಂಗಿಯ ಕೈಗಳು ಗಾಳಿಯಲ್ಲಿ ಒಂದಾದ ಮೇಲೊಂದು ತಿರುಗುತ್ತಲೇ ಇದ್ದವು. ಕಣ್ಣು ತೆರೆದೇ ಇತ್ತು. ಮುಖದಲ್ಲಿ ದಣಿವು ಸುಳಿದಿರಲಿಲ್ಲ. ಯಾರನ್ನೋ ಹಿಂಬಾಲಿಸಿ ಹೋಗುತ್ತಿದ್ದವಳನ್ನು ದಾರಿಯಲ್ಲಿ ತಡೆದರೆ ಆಗುವಂಥ ಬೇಸರ ಮಾತ್ರ.

ಸಂಜೆ ಲಾಡ್ಜಿನ ಕೋಣೆಯಲ್ಲಿ ನೀಲಾ ಕೂದಲು ಒರೆಸಿಕೊಳ್ಳುತ್ತ ಅಂದಳು: "ಅಕ್ಕಾ, ಕಡೀ ಎರಡ ಸಲ ನೀ ನನಗ ಅಂಬಲಿ ಕೊಡಲಿಲ್ಲ ನೋಡ. ಬಾಯಿ ಎಲ್ಲಾ ಉಪ್ಪಾಗಿತ್ತ."

"ಕೊಟ್ಟೇನಿ."

"ಇಲ್ಲ."

"ಒಗದೇನಿ, ನೀಲಿ. ಬಾಟ್ಲಿ ಖಾಲಿಯಾಗಿ ಬಂತ."

ಆಮೇಲೆ ನೀಲಾ, ಕದ್ದು ತಿಂದದ್ದನ್ನು ಒಪ್ಪಿಕೊಳ್ಳುವ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು. "ಹಂಗಾರ ಆಕಿ ಕುಡದಿರಬೇಕು."

"ಯಾಕಿ?"

"ನನ್ನ ಎಡಕ್ಕ ಇರ್ತಾಳಲ್ಲ."

ನೀಲಾ ಉಸಿರಿಗೆ ತಲೆ ತಿರುಗಿಸುವುದು ಯಾವಾಗಲೂ ಬಲಕ್ಕೆ, ಅಕ್ಕನ ದೋಣಿಯ ಕಡೆಗೆ. ಎಡಕ್ಕೆ ಏನಿದೆ ಎಂದು ಅವಳು ನೋಡಿದವಳಲ್ಲ. ಆದರೂ ಕ್ವಾರಿಯ ಮೊದಲ ದಿನಗಳಿಂದಲೂ ಯಾರೋ ಇದ್ದಾರೆಂದು ಗೊತ್ತಿತ್ತು. ನೀರು ಸೀಳುವ ಸಣ್ಣ ಅಲೆ ಎಡ ಭುಜಕ್ಕೆ ತಾಗುತ್ತಿತ್ತು. ತನಗಿಂತ ಅರ್ಧ ತೋಳು ಮುಂದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವಳ ಹಿಂದೆ ಬಿದ್ದರೆ ಸಾಕು, ಮೈ ಹಗುರಾಗುತ್ತಿತ್ತು.

"ತಿರುಗಿ ನೋಡಿಲ್ಲೇನ ನೀ?"

"ನೋಡಿದ್ರ ಹೋಗಿಬಿಡ್ತಾಳ ಅನ್ನಿಸ್ತೈತಿ. ಆಕಿ ಹೋದ್ರ ನಾ ಮತ್ತ ನಾಲ್ಕನೇದಾಕಿ."

"ಎಲ್ಲಿಗೆ ಹೊಂಟಾಳ ಆಕಿ?"

ನೀಲಾ ಟವೆಲನ್ನು ಮಡಿಚಿದಳು, ಬಿಚ್ಚಿದಳು. "ಗೊತ್ತಿಲ್ಲ. ಭಾಳ ದೂರ ಐತಿ ಅನ್ನೂದಷ್ಟ ಗೊತ್ತು. ಆಕಿ ಸಂಗಾಟ ಇದ್ದಾಗ ನಿಲ್ಲಬೇಕು ಅನ್ನಸೂದೇ ಇಲ್ಲಕ್ಕಾ."

ಶೈಲಾ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ತುಂಬ ಹೊತ್ತು ಈಜುವವರಿಗೆ ಇಂಥವು ಕಾಣುವುದುಂಟು, ಮೈಯಲ್ಲಿ ಸಕ್ಕರೆ ಇಳಿದಿರುತ್ತದೆ, ಹೆದರಬೇಡಿ ಎಂದು ಅವರು ತಿಳಿಹೇಳಿದರು. ಬಾಟಲಿ ಖಾಲಿ ಮಾಡಿದವರು ಯಾರು ಎಂದು ಅವರು ಹೇಳಲಿಲ್ಲ. ಶೈಲಾ ಕೇಳಲೂ ಇಲ್ಲ.

ಅಷ್ಟರಲ್ಲಿ ಮುನಿಕೃಷ್ಣ ಸುದ್ದಿ ತಂದರು. ಬೇಸಿಗೆಯಲ್ಲಿ ಶ್ರೀಲಂಕಾದಿಂದ ನಮ್ಮ ತೀರಕ್ಕೆ ಸಮುದ್ರ ದಾಟುವ ಈಜಿಗೆ ನೀಲಾಳ ಹೆಸರು ಹೋಗಿದೆ. ಅದಕ್ಕೆ ಮೊದಲು ಒಂದು ಪರೀಕ್ಷೆ: ಕ್ವಾರಿಯಲ್ಲಿ ಬೆಳಗಿನಿಂದ ಮಧ್ಯಾಹ್ನ ಇಳಿಯುವವರೆಗೆ ಎಲ್ಲೂ ನಿಲ್ಲದೆ ಈಜಬೇಕು, ಸಂಘದ ಪರವಾಗಿ ಅವರೇ ನೋಡುತ್ತಾರೆ. ಪಾಸಾದರೆ ಸಮುದ್ರ. ತಪ್ಪಿದರೆ ಅವಳ ವಯಸ್ಸಿಗೆ ಇನ್ನೊಂದು ಅವಕಾಶ ಬರುವುದಿಲ್ಲ.

ಬಲೂನಿನ ಆಚೆ ಹೋದವಳನ್ನು ಹಿಡಿಯಲು ಮೋಟಾರು ದೋಣಿ ಹತ್ತಿರದಲ್ಲಿತ್ತು. ಆ ಸಮುದ್ರದ ನಡುವೆ, ಅಲೆಯ ಮೇಲೆ, ಎಡಗಡೆಯವಳು ದಾರಿ ತಿರುಗಿಸಿದರೆ ತಂಗಿಯನ್ನು ಹಿಡಿಯುವವರು ಯಾರು? ಶೈಲಾ ಆ ಯೋಚನೆಯನ್ನು ಷರಟುಗಳ ನಡುವೆ, ಅನ್ನ ಬಸಿಯುವಾಗ, ಬಸ್ಸಿನಲ್ಲಿ ನಿಂತಾಗ ಮಾಡಿ ಮಾಡಿ, ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು.

ಕ್ವಾರಿಯ ಅಂಚಿನಲ್ಲಿ ಮುನಿಕೃಷ್ಣ ನಿಯಮ ಹೇಳುತ್ತಿದ್ದರು. ತಾವೇ ಬೆಳೆಸಿದ ಹುಡುಗಿ ಎಂದು ಒಂದು ಕೂದಲೆಳೆಯಷ್ಟೂ ಸಡಿಲ ಬಿಡುವವರಲ್ಲ.

"ದೋಣಿ ಮುಟ್ಟಂಗಿಲ್ಲ. ಕಲ್ಲು ಮುಟ್ಟಂಗಿಲ್ಲ. ಶೈಲಾ ಮೇಡಂ, ಇದು ನಿಮ್ಗೆ. ಬಾಟ್ಲಿ ಕೊಡ್ವಾಗ ಕೈಗೆ ಕೈ ತಾಗ್ಬಾರ್ದು. ತಾಗ್ತು ಅಂದ್ರೆ ಅಲ್ಲಿಗೆ ಮುಗೀತು. ತಾಗಿಸ್ಕೊಂಡೋರು ದೋಣಿ ಹತ್ಲೇಬೇಕು, ಮತ್ತೆ ನೀರಿಗೆ ಇಳಿಯಂಗಿಲ್ಲ."

"ಗೊತ್ತು ಸಾರ್," ಅಂದಳು ಶೈಲಾ. ಅವಳ ತೀರ್ಮಾನ ಅದೇ ಆಗಿತ್ತು.

"ಅಕ್ಕಗ ನಿಮಗಿಂತ ಚಲೋ ಗೊತ್ತೈತಿ ಸಾರ್," ಎನ್ನುತ್ತ ನೀಲಾ ಕಿತ್ತಳೆ ಟೋಪಿಯೊಳಗೆ ಜಡೆ ತುರುಕಿಕೊಂಡಳು. "ಬೆವರಬ್ಯಾಡ್ರಿ. ಈಜಾಕಿ ನಾನು."

"ನಿಂಗೇನಮ್ಮ, ನೀರಲ್ಲಿರ್ತೀಯ. ಬಿಸ್ಲಲ್ಲಿ ಕೂರೋನು ನಾನು," ಅಂದರು ಮುನಿಕೃಷ್ಣ.

ನೀಲಾ ನೀರಿಗೆ ಇಳಿದದ್ದು ಕಂಡಿತು; ಸದ್ದು ಕೇಳಲಿಲ್ಲ. ದೋಣಿಯ ಮುಂತುದಿಯಲ್ಲಿ ಶ್ಯಾಮಣ್ಣ ಮುಂದಕ್ಕೆ ಮುಖ ಮಾಡಿ ಹುಟ್ಟು ಹಾಕುತ್ತಿದ್ದ. ನಡುವೆ ಮುನಿಕೃಷ್ಣ, ಕೊಡೆ ಹಿಡಿದುಕೊಂಡು. ಹಿಂದೆ ಶೈಲಾ, ಕಾಲ ಬಳಿ ಅಂಬಲಿಯ ಕ್ಯಾನು, ದಾರ, ಬಾಟಲಿ. ಅವಳ ಬೆನ್ನ ಹಿಂದೆ ಒಬ್ಬರು ಕೂರುವಷ್ಟು ಹಲಗೆ ಖಾಲಿ ಇತ್ತು.

ಸುತ್ತಿನ ಮೇಲೆ ಸುತ್ತು. ಬಿಸಿಲು ಗೋಡೆಯಿಂದ ಕೆಳಗಿಳಿದು ನೀರಿಗೆ ಬಂತು. ಅಪಾರ್ಟ್‌ಮೆಂಟಿನ ಎತ್ತರದ ಬಾಲ್ಕನಿಯೊಂದರಲ್ಲಿ ಯಾರೋ ಬಟ್ಟೆ ಕೊಡವಿದರು. ನೀರಿನೊಳಗಿನ ಬಾಲ್ಕನಿಯಲ್ಲೂ ಕೊಡವಿದರು. ನೀಲಾಳ ಆಚೆ ಬದಿಯಲ್ಲಿ ಇನ್ನೊಂದು ತೆಳು ಗೆರೆ ನೀರನ್ನು ಸೀಳುತ್ತ ಬರುತ್ತಿತ್ತು. ದಿಟ್ಟಿಸಿದರೆ ಇರುತ್ತಿರಲಿಲ್ಲ. ನೋಟ ಬೇರೆ ಕಡೆ ಹೊರಳಿಸಿದರೆ ಕಣ್ಣಿನ ಅಂಚಿಗೆ ಬರುತ್ತಿತ್ತು.

"ಏನ್ ಸ್ಪೀಡ್ ನೋಡಿ," ಮುನಿಕೃಷ್ಣ ತಮ್ಮಷ್ಟಕ್ಕೆ ಅಂದರು. "ಒಂದು ಚೂರೂ ಡ್ರಾಪ್ ಇಲ್ಲ. ಮನುಷ್ಯಳೇ ಅಲ್ಲ ಇವ್ಳು."

ಸೂರ್ಯ ನೆತ್ತಿಗೆ ಬಂದಾಗ ಅವರಿಗೆ ಆಫೀಸಿನಿಂದ ಫೋನು ಬಂತು. ಕೊಡೆಯನ್ನು ಕುತ್ತಿಗೆಯಲ್ಲಿ ಸಿಕ್ಕಿಸಿಕೊಂಡು, ಆ ಕಡೆ ತಿರುಗಿ, ಯಾವುದೋ ಸರ್ವರ್ ಬಿದ್ದುಹೋದದ್ದರ ಬಗ್ಗೆ ಮಾತಾಡತೊಡಗಿದರು. ಅಂಬಲಿಯ ಹೊತ್ತಾಗಿತ್ತು. ಶೈಲಾ ಬಾಟಲಿ ತುಂಬಿದಳು. ಇದೇ ಸರಿಯಾದ ಸಮಯ. ಮುಟ್ಟುವುದು, ಆಮೇಲೆ ತಾನೇ ಜೋರಾಗಿ ಹೇಳುವುದು: ಮುಟ್ಟಿಬಿಟ್ಟೆ ಸಾರ್, ಕೈ ತಪ್ಪಿತು. ತಂಗಿ ಸಾಯುವವರೆಗೂ ಕ್ಷಮಿಸುವುದಿಲ್ಲ. ಕ್ಷಮಿಸದೆ ಇರಲಿ, ಬದುಕಿರಲಿ, ಅಷ್ಟೇ.

ಅವಳು ದಾರವನ್ನು ಗಿಡ್ಡ ಹಿಡಿದು ಬಾಟಲಿಯನ್ನು ದೋಣಿಯ ಪಕ್ಕದಲ್ಲೇ ಇಳಿಬಿಟ್ಟಳು. ನೀರಿನ ಮೇಲೆ ಬಿಸಿಲು ತಗಡಿನ ಹಾಗೆ ಹೊಳೆಯುತ್ತಿತ್ತು. ಅದರೊಳಗಿಂದ ಒಂದು ಕೈ ಬಂದು ಬಾಟಲಿ ಹಿಡಿಯಿತು. ಶೈಲಾ ನಾಚಿಕೆಯಿಂದ ಮುಖ ತಿರುಗಿಸಿಕೊಂಡಳು. ತಾನು ಮೋಸ ಮಾಡುವ ಹೊತ್ತಿಗೆ ತಂಗಿಯ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಮುಖ ತಿರುಗಿಸಿಕೊಂಡೇ ಬಗ್ಗಿ ಆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

ಮೊದಲು ತಿಳಿದದ್ದು ಬೆರಳಿಗೆ. ಅಷ್ಟು ಹೊತ್ತು ನೀರಿನಲ್ಲಿದ್ದ ಕೈ ಸುಕ್ಕುಗಟ್ಟಬೇಕು. ಇದರಲ್ಲಿ ಒಂದು ಸುಕ್ಕೂ ಇರಲಿಲ್ಲ. ನುಣ್ಣಗಿತ್ತು, ಹೊಳೆಯ ತಳದ ಕಲ್ಲಿನ ಹಾಗೆ. ಚಳಿ ಮೇಲಿನ ಪದರದ್ದಲ್ಲ, ಕೆಳಗಿನದು. ಅಂಗೈಯಲ್ಲಿ ಮಾತ್ರ ಜಡ್ಡು ಕಟ್ಟಿತ್ತು. ಈಜುವವರಿಗೆ ಅಲ್ಲಿ ಜಡ್ಡು ಬರುವುದಿಲ್ಲ. ಸುತ್ತಿಗೆ ಹಿಡಿಯುವವರಿಗೆ ಬರುತ್ತದೆ.

ಶೈಲಾ ತಲೆ ಎತ್ತಿದಳು. ದೋಣಿಯಿಂದ ಎರಡಾಳುದ್ದ ಆಚೆ, ಕಿತ್ತಳೆ ಟೋಪಿ ಮುಂದೆ ಸಾಗುತ್ತಿತ್ತು. ನೀಲಾ ಬಲಕ್ಕೆ ಹೊರಳಿ, ಬಾಯಿ ತೆರೆದು ಉಸಿರೆಳೆದುಕೊಂಡು, ಮತ್ತೆ ನೀರಿಗೆ ಮುಖ ಹಾಕಿದಳು. ಅಂಬಲಿಗಾಗಿ ಅವಳು ಬಂದೇ ಇರಲಿಲ್ಲ.

ಶೈಲಾ ಕೈ ಬಿಟ್ಟಳು. ಆ ಕೈ ಹೋಗಲಿಲ್ಲ. ದೋಣಿಯ ಅಂಚನ್ನು ಹಿಡಿಯಿತು.

"ಏನಾಯ್ತು ಮೇಡಂ?" ಫೋನು ಕೆಳಗಿಡುತ್ತ ಮುನಿಕೃಷ್ಣ ಕೇಳಿದರು.

"ಏನಿಲ್ಲ ಸಾರ್."

ದೋಣಿ ಒಂದು ಬದಿಗೆ ವಾಲಿತು, ಯಾರೋ ಹತ್ತುವಾಗ ವಾಲುವ ಹಾಗೆ, ಮತ್ತೆ ನೆಟ್ಟಗಾಯಿತು. ಹಿಂಬದಿ ನೀರಿಗೆ ಇಳಿಯಿತು. ಶೈಲಾಳ ಬೆನ್ನ ಹಿಂದಿನ ಖಾಲಿ ಹಲಗೆ ಒಮ್ಮೆ ಕಿರ್ ಎಂದಿತು. ಅವಳ ಸೆರಗಿನ ತುದಿ ಒದ್ದೆಯಾಗತೊಡಗಿತು.

"ಹಿಂದ್ಲ ಕಡೆ ಭಾರ ಬಂದಂಗದೆ," ಶ್ಯಾಮಣ್ಣ ಮುಂದೆ ನೋಡುತ್ತಲೇ ಅಂದ. "ಎಲ್ಲಾನ ನೀರ್ ಬತ್ತೈತಾ ನೋಡವ್ವ."

"ಇಲ್ಲ. ನೀವು ನಡೆಸಿ ಅಣ್ಣ."

ಹಿಂದಕ್ಕೆ ತಿರುಗಬಾರದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆದರೂ ತಿರುಗಲಿಲ್ಲ. ಅಪ್ಪ ಭರಮಪ್ಪ ಎಂದೂ ಹತ್ತಿದವರ ಮುಖ ನೋಡಿ ದೋಣಿ ನಡೆಸಿದವನಲ್ಲ. ಕುಡುಕ ಹತ್ತಿದರೂ, ಜಗಳಾಡಿದ ದಾಯಾದಿ ಹತ್ತಿದರೂ ಅಂಬಿಗನಿಗೆ ಒಂದೇ. ತಾಗಿಸಿಕೊಂಡವಳು ನಿಯಮದಂತೆ ದೋಣಿ ಹತ್ತಿದ್ದಳು; ಹತ್ತಿದವರನ್ನು ನಡುನೀರಿನಲ್ಲಿ ಇಳಿಸುವ ಹಾಗಿಲ್ಲ. ಶೈಲಾ ಮೊಣಕಾಲಿನ ಮೇಲೆ ಕೈ ಊರಿ ತಂಗಿಯನ್ನೇ ನೋಡುತ್ತ ಕೂತಳು. ಕತ್ತಿನ ಹಿಂದೆ ಚಳಿ ಹರಿಯುತ್ತಿತ್ತು, ಫ್ರಿಜ್ಜಿನ ಬಾಗಿಲು ತೆರೆದಿಟ್ಟ ಹಾಗೆ. ಉಸಿರಿನ ಸದ್ದೇ ಇಲ್ಲ. ನೀರು ತೊಟ್ಟಿಕ್ಕುವ ಸದ್ದು ಮಾತ್ರ, ಬಿಟ್ಟು ಬಿಟ್ಟು.

ಅತ್ತ ನೀಲಾಳ ಲಯ ಕೆಟ್ಟಿತು. ಒಂದು ಕೈ ತಡವಾಯಿತು. ಇನ್ನೊಂದು ಅಡ್ಡ ಬಿತ್ತು. ಅವಳು ತಲೆ ಎತ್ತಿ, ಮೂರು ವರ್ಷದಲ್ಲಿ ಮೊದಲ ಸಲ, ಎಡಕ್ಕೆ ನೋಡಿದಳು. ಅಲ್ಲಿ ಕಲ್ಲಿನ ಗೋಡೆಯ ಹೊರತು ಏನೂ ಇರಲಿಲ್ಲ.

"ಅಕ್ಕಾ," ಎಂದಳು. ದನಿ ಒಡೆದಿತ್ತು.

"ಇಲ್ಲೇ ಅದೀನಿ. ಈಜು."

"ಇನ್ನ ಎಷ್ಟ ಹೊತ್ತೈತಿ?"

ಶೈಲಾಳ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ತಂಗಿ ಈ ಮಾತು ಕೇಳಿರಲಿಲ್ಲ. ಇನ್ನೆಷ್ಟು ಹೊತ್ತು ಎಂದು ಕೇಳುವವಳಿಗೆ ದಡಕ್ಕೆ ಬರುವ ಮನಸ್ಸಿದೆ.

"ಸ್ವಲ್ಪ ಐತಿ. ಬಾ, ಅಂಬಲಿ ಕುಡಿ. ನನ್ನ ನೋಡಕೋತ ಈಜು."

ಬಾಟಲಿಯನ್ನು ಉದ್ದ ದಾರಕ್ಕೆ ಕಟ್ಟಿ, ಎಷ್ಟು ದೂರ ಆಗುತ್ತದೋ ಅಷ್ಟು ದೂರ ಎಸೆದಳು. ಹತ್ತಿರ ಬರಗೊಡಲಿಲ್ಲ. ನೀಲಾ ಕುಡಿದಳು, ಕೆಮ್ಮಿದಳು, ಮತ್ತೆ ಹೊರಟಳು. ಅಲ್ಲಿಂದ ಮುಂದೆ ಅವಳು ಈಜಿದ್ದು ಚಾಂಪಿಯನ್ನಿನ ಈಜಲ್ಲ. ಹಲ್ಲು ಕಚ್ಚಿದಳು, ಅತ್ತಳು, ಸ್ನಾಯು ಹಿಡಿದು ನೀರಿನಲ್ಲೇ ಒದ್ದಾಡಿದಳು, ಮುನಿಕೃಷ್ಣರನ್ನು ಬೈದಳು. ಶ್ಯಾಮಣ್ಣ ಹುಟ್ಟು ಹಾಕುತ್ತ, "ಬತ್ತಾ ಅವ್ಳೆ ಬುಡಿ, ಬತ್ತಾ ಅವ್ಳೆ," ಎನ್ನುತ್ತಿದ್ದ. ಒಮ್ಮೆ ಮುನಿಕೃಷ್ಣ ಏನೋ ಹೇಳಲು ಶೈಲಾಳ ಕಡೆ ತಿರುಗಿದರು. ಅವಳ ಭುಜದಾಚೆ ಏನನ್ನೋ ಹುಡುಕುವವರ ಹಾಗೆ ಕಣ್ಣು ಕಿರಿದು ಮಾಡಿ, ಕೊಡೆಯನ್ನು ಕೆಳಗಿಳಿಸಿ, ತೋಳು ಉಜ್ಜಿಕೊಂಡರು.

"ಗಾಳಿ ತಣ್ಣಗಾಯ್ತಲ್ವಾ," ಎಂದರು. ಬಿಸಿಲು ಸುಡುತ್ತಿತ್ತು. ಆಮೇಲೆ ಅವರು ಹಿಂದಕ್ಕೆ ನೋಡಲಿಲ್ಲ.

ಸೀಟಿ ಊದಿದಾಗ ನೀಲಾ ಅಲ್ಲೇ ನಿಂತಳು. ಒಂದೇ ಒಂದು ಕೈ ಕೂಡ ಹೆಚ್ಚಿಗೆ ಹಾಕಲಿಲ್ಲ. ಕಲ್ಲಿನ ಅಂಚು ಹಿಡಿದು, ತೆವಳಿಕೊಂಡು ಮೇಲೆ ಬಂದು, ಬಿಸಿ ಬಂಡೆಯ ಮೇಲೆ ಬೋರಲು ಬಿದ್ದಳು. ಮುನಿಕೃಷ್ಣ ಓಡಿಹೋಗಿ ಟವೆಲು ಹೊದಿಸಿದರು.

"ಪಾಸು," ಎಂದರು. "ಕೊನೇಲಿ ನಂಗೆ ಹಾರ್ಟ್ ಅಟ್ಯಾಕ್ ಮಾಡಿಸ್ಬಿಟ್ಟೆ, ಆದ್ರೂ ಪಾಸು."

ಶೈಲಾ ಕೊನೆಗೆ ಇಳಿದಳು. ತೆಳ್ಳನೆಯ ಹೆಂಗಸು ಅವಳು. ಅವಳ ಕಾಲು ಬಂಡೆಗೆ ತಾಗಿದಾಗ ದೋಣಿ ಸ್ವಲ್ಪ ಮೇಲೆದ್ದಿತು; ಒಂದು ಗಳಿಗೆ ತಡೆದು ಮತ್ತಷ್ಟು ಮೇಲೆದ್ದಿತು. ಶ್ಯಾಮಣ್ಣ ಹಗ್ಗ ಕಟ್ಟುತ್ತಿದ್ದವನು ತಿರುಗಿ ದೋಣಿಯನ್ನು ನೋಡಿದ, ಶೈಲಾಳನ್ನು ನೋಡಿದ, ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ.

ತಂಗಿಯ ಹತ್ತಿರ ಹೋಗಬೇಕೆಂದು ಅವಳ ಕಾಲು ಎಳೆಯುತ್ತಿತ್ತು. ದೂರದಲ್ಲೇ ನಿಂತಳು.

"ಆಕಿ ನಡುವ ಎಲ್ಲೋ ಬಿಟ್ಟ ಹ್ವಾದ್ಲಕ್ಕಾ," ನೀಲಾ ಬಂಡೆಗೆ ಕೆನ್ನೆ ಒತ್ತಿಕೊಂಡೇ ಹೇಳಿದಳು. "ನಾ ಒಬ್ಬಾಕೀನ ಈಜೇನಿ. ಎಷ್ಟ ಅಂಜಿಕಿ ಬಂತ ಗೊತ್ತೇನ. ಸಾಯ್ತೀನಿ ಅನ್ನಿಸಿತ್ತ." ಆಮೇಲೆ ನಕ್ಕಳು, ಕೊಳದಲ್ಲಿ ಆಡುತ್ತಿದ್ದ ಕಾಲದ ನಗು. "ಅಲ್ಲೇ ಯಾಕ ನಿಂತಿ? ಬಾ ಇಲ್ಲೆ. ತೋಳ ಹಿಚಕು."

"ಸಾರ್ ಕಾರಿನ್ಯಾಗ ಮನಿಗಿ ಹೋಗು. ಅವ್ವಗ ಹೇಳು, ಬಿಸಿನೀರ ಕಾಸಿ ಕೊಡ್ತಾಳ."

"ಮತ್ತ ನೀ?"

"ನಾ ಆಮ್ಯಾಲ ಬರ್ತೀನಿ." ಹೇಳಿದ್ದು ಸುಳ್ಳೆಂದು ನಾಲಿಗೆಗೇ ತಿಳಿದು ಸರಿಮಾಡಿಕೊಂಡಳು. "ಸ್ವಲ್ಪ ದಿವಸ ಬ್ಯಾರೆ ಕಡೆ ಇರ್ತೀನಿ, ನೀಲಿ. ಪೀಣ್ಯದಾಗ ನಮ್ಮ ಫ್ಯಾಕ್ಟರೀದ ಇನ್ನೊಂದ ಯೂನಿಟ್ ಐತಿ, ಅಲ್ಲಿ ಕೆಲಸ ಕೇಳ್ತೀನಿ. ಸಮುದ್ರಕ್ಕ ನಾ ಬರಂಗಿಲ್ಲ."

ನೀಲಾ ಮೊಣಕೈ ಊರಿ ಎದ್ದಳು. ಮುಖದ ನಗು ಹಾಗೇ ಇತ್ತು, ಕಣ್ಣಿನದು ಹೋಗಿತ್ತು. "ನನಗ ಅಂಬಲಿ ಯಾರ ಕೊಡ್ತಾರ?"

"ಅವ್ವ ಕೊಡ್ತಾಳ. ಅಂಬಿಗನ ಹೇಣ್ತಿ, ದೋಣಿ ಆಕಿಗೇನ ಹೊಸಾದಲ್ಲ."

"ನಾ ಏನ ಮಾಡೇನಿ ಅಕ್ಕಾ?"

"ಏನೂ ಮಾಡಿಲ್ಲ. ಸೀಟಿ ಊದಿದಾಗ ನೀ ನಿಂತಿ. ಅಲ್ಲೀನೂ ಹಂಗ ನಿಲ್ಲು."

ಇನ್ನು ನಿಂತರೆ ಎಲ್ಲವನ್ನೂ ಹೇಳಿಬಿಡುತ್ತಾಳೆ. ಹೇಳಿದರೆ ತಂಗಿ ಅವಳ ಬೆನ್ನ ಹಿಂದೆ ನೋಡುತ್ತಾಳೆ. ನೋಡಿದರೆ, ಇಷ್ಟು ವರ್ಷ ಅರ್ಧ ತೋಳು ಮುಂದೆ ಎಳೆದುಕೊಂಡು ಹೋದವಳನ್ನು ಕೈಚಾಚಿ ಕರೆದೇ ಕರೆಯುತ್ತಾಳೆ. ಶೈಲಾ ಖಾಲಿ ಕ್ಯಾನು ಎತ್ತಿಕೊಂಡು ಮಣ್ಣಿನ ದಾರಿ ಹಿಡಿದಳು. ನೀಲಾ ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲಿಲ್ಲ.

ದಾರಿಯುದ್ದಕ್ಕೂ ಅವಳ ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ ಇತ್ತು. ನೀರಿನಲ್ಲಿ ಅಷ್ಟು ಚುರುಕಾಗಿದ್ದದ್ದು ನೆಲದ ಮೇಲೆ ತಡವರಿಸುತ್ತಿತ್ತು. ಶೈಲಾ ತನಗೇ ತಿಳಿಯದೆ ನಡಿಗೆ ನಿಧಾನ ಮಾಡಿದಳು.

ಬಸ್ಸು ಹೆಚ್ಚುಕಡಿಮೆ ಖಾಲಿಯಾಗಿತ್ತು. ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಬಿಟ್ಟು ಈಚೆಗೆ ಕೂತಳು. ಕಂಡಕ್ಟರ್ ಬಂದ.

"ಎಲ್ಲಿಗಮ್ಮ?"

ಮನೆಯಿರುವ ಬೊಮ್ಮನಹಳ್ಳಿಯ ಹೆಸರು ನಾಲಿಗೆಗೆ ಬಂದದ್ದನ್ನು ನುಂಗಿದಳು. "ಮೆಜೆಸ್ಟಿಕ್. ಅಲ್ಲಿಂದ ಪೀಣ್ಯಕ್ಕೆ ಹೋಗ್ಬೇಕು."

"ಆಧಾರ್ ತೋರ್ಸಿ." ಅವಳು ತೋರಿಸಿದಳು. ಅವನು ಅವಳಿಗೊಂದು ಉಚಿತ ಟಿಕೆಟು ಕೊಟ್ಟು, ಕಿಟಕಿಯ ಕಡೆ ಗದ್ದ ಎತ್ತಿದ. "ಅವರ್ದು?"

ಶೈಲಾ ಆ ಕಡೆ ತಿರುಗಲಿಲ್ಲ. ಸೀಟಿನ ರೆಗ್ಸಿನ್ ಮೇಲೆ ನೀರು ಹರಿದು ಅವಳ ತೊಡೆಗೆ ತಾಗುತ್ತಿತ್ತು.

"ಅವರ ಹತ್ರ ಯಾವ ಕಾರ್ಡೂ ಇಲ್ಲ ಸಾರ್. ಅವ್ರೂ ನಮ್ ಕಡೆಯೋರೇ, ಕಲ್ಲಿನ ಕೆಲಸಕ್ಕೆ ಬಂದಿದ್ದೋರು. ಅವರ್ದು ದುಡ್ಡಿನ ಟಿಕೆಟೇ ಕೊಡಿ, ನಾನ್ ಕೊಡ್ತೀನಿ."

"ಒದ್ದೆ ಬಟ್ಟೇಲಿ ಹತ್ತುಸ್ಕೊಂಡ್ ಬರ್ತೀರಲ್ಲಮ್ಮ, ಸೀಟೆಲ್ಲ ನೆಂದೋಯ್ತು," ಎಂದು ಗೊಣಗುತ್ತ ಕಂಡಕ್ಟರ್ ಇನ್ನೊಂದು ಟಿಕೆಟು ಕೊಟ್ಟ.